ಶೇಖವ್ವನ ಕಹಿ ಪುಡಿ

ನರಗುಂದದಲ್ಲಿ ಬ್ರಿಟಿಷರ ಮೇಲೆ ಬಂಡಾಯ ಏಳುವುದಕ್ಕೆ ಒಂದೆರಡು ವರ್ಷ ಮೊದಲು ರೋಣದಲ್ಲಿ ಚಳಿಜ್ವರ ಎದ್ದಿತು. ಮಳೆ ಹಿಡಿದು ಸುರಿದ ವರ್ಷ ಅದು. ಜೋಳ ತೆಗೆದ ಹಗೇವುಗಳು ಓಣಿ ಓಣಿಯಲ್ಲಿ ಬಾಯಿ ತೆರೆದುಕೊಂಡಿದ್ದವು. ನೆಲದೊಳಗಿನ ಆ ಕಣಜಗಳಲ್ಲಿ ಈಗ ಕಾಳಿನ ಬದಲು ನೀರು. ಸಂಜೆಯಾದರೆ ಸೊಳ್ಳೆ ಮುತ್ತುತ್ತಿತ್ತು. ಸೊಳ್ಳೆಯ ಮೇಲೆ ಆಗ ಯಾರಿಗೂ ಸಂಶಯವಿರಲಿಲ್ಲ. ನಿಂತ ನೀರಿನ ಕೆಟ್ಟ ಗಾಳಿಯೇ ಜ್ವರ ತರುತ್ತದೆ ಎಂದು ಸರಕಾರವೂ ನಂಬಿತ್ತು.

ಮನೆಮನೆಗೆ ತಿಳಿವಳಿಕೆ ಹೇಳಲು ಕಚೇರಿಯವರು ಸೂಲಗಿತ್ತಿ ಶೇಖವ್ವನನ್ನು ಹಿಡಿದರು. ಕಾರಕೂನನ ರುಮಾಲು ಕಂಡರೆ ಕದ ಹಾಕಿಕೊಳ್ಳುವ ಹೆಂಗಸರು ಅವಳಿಗೆ ಮಾತ್ರ ಅಡಿಗೆಮನೆಯವರೆಗೂ ದಾರಿ ಬಿಡುತ್ತಿದ್ದರು. ಅರ್ಧ ಊರಿನ ಹೊಕ್ಕುಳಬಳ್ಳಿ ಕೊಯ್ದ ಕೈ ಅವಳದು. ಅವಳೂ ಒಲ್ಲೆನ್ನಲಿಲ್ಲ. ಒಬ್ಬಳೇ ಮಗಳು ಚನ್ನವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಜ್ವರ ತನ್ನ ಹೊಸ್ತಿಲು ತುಳಿಯುವ ಮೊದಲೇ ಅದನ್ನು ಓಣಿಯಿಂದ ಓಡಿಸಬೇಕೆಂಬ ಹಟ ತಾಯಿಗೆ.

"ಹಗೇವಿನ ನೀರು ತೋಡಿ ಮಣ್ಣು ಮುಚ್ರೆವ್ವಾ. ಹೊತ್ತು ಮುಣಗೂ ಮುಂದ ಬೇವಿನ ತಪ್ಪಲದ ಹೊಗಿ ಹಾಕ್ರಿ. ಜ್ವರ ಬಿಟ್ಟ ದಿನಾನೂ ಈ ಪುಡಿ ತಗೋರಿ" ಎಂದು ಸಾರುತ್ತ ಹೋದಳು. ಜ್ವರಕ್ಕೆಂದು ಸರಕಾರ ಧಾರವಾಡದಿಂದ ಕಳಿಸಿದ ಬಿಳಿ ಪುಡಿ ಅದು. ಅದರ ಮುಂದೆ ಬೇವೂ ಸಕ್ಕರೆ.

"ಹಗೇವು ಮುಚ್ಚೂದಂದ್ರ ಬರೂ ಸುಗ್ಗಿ ಮುಚ್ಚಿದಂಗ" ಎಂದು ಗಂಡಸರು ನಕ್ಕರು. ಜ್ವರವೂ ಮಹಾ ಕಪಟಿ. ಒಂದು ದಿನ ಗಡಗಡ ನಡುಗಿಸಿ ಮರುದಿನ ಬಿಡುತ್ತಿತ್ತು. ಬಿಟ್ಟ ದಿನ ಜನ ಪುಡಿ ಮರೆತು ಹೊಲಕ್ಕೆ ಹೋಗುತ್ತಿದ್ದರು. ಇಂಥವರಿಗೆ ಯಾವ ಬ್ರಹ್ಮ ಬಂದು ಹೇಳಬೇಕು! ಶೇಖವ್ವ ಬೈದು ಬೈದು ಸಾಕಾದಳು.

ಅಷ್ಟರಲ್ಲಿ ಎದುರುಮನೆಯ ಸೊಸೆ ಗಾಳೆವ್ವನಿಗೆ ಜ್ವರ ಬಂತು. ಅವಳೂ ಬಸುರಿ. ಪುಡಿ ಹಿಡಿದು ಹೋದರೆ ಅತ್ತೆ ಮುದುಕವ್ವ ಅಡ್ಡ ನಿಂತಳು.

"ಬಸರಿ ಕಹಿ ಮುಟ್ಟಬಾರ್ದು, ಬಸರು ಇಳೀತೈತಿ ಅಂತ ಹೇಳಿದಾಕಿ ನೀನಽ ಅಲ್ಲೇನು? ನನ್ನ ಮಗ ಹೊಟ್ಟ್ಯಾಗಿದ್ದಾಗ ಯುಗಾದಿ ಬೇವೂ ಮುಟ್ಟಗೊಡಲಿಲ್ಲ ನೀ."

ಮಾತು ಖರೆಯೇ. ತನ್ನ ತಾಯಿಯಿಂದ ಕಲಿತದ್ದನ್ನೇ ಶೇಖವ್ವ ಊರಿಗೆಲ್ಲ ಕಲಿಸಿದ್ದಳು. "ಜೀಂವ ಉಳದ್ರ ಬಸರು, ಮುದುಕವ್ವಾ. ಈ ಜ್ವರ ಬ್ಯಾರೆ ಐತಿ. ನನ್ನ ಮ್ಯಾಲ ಭಾರ ಹಾಕು" ಎಂದು ಕಾಡಿ ಬೇಡಿ ಕುಡಿಸಿದಳು.

ಜ್ವರ ನಿಂತಿತು. ಆದರೆ ಆ ವಾರದಲ್ಲೇ ಬಸಿರೂ ಹೋಯಿತು. ಗಾಳೆವ್ವ ಎದ್ದು ಕೂತದ್ದು ಯಾರ ಕಣ್ಣಿಗೂ ಬೀಳಲಿಲ್ಲ. "ಸೂಲಗಿತ್ತೀನಽ ಕೂಸು ನುಂಗಿದ್ಲು" ಎಂದು ಎಲುಬಿಲ್ಲದ ನಾಲಿಗೆಗಳು ಊರು ಸುತ್ತಿದವು. ಹಂಚಿದ ಪುಡಿಯೆಲ್ಲ ತಿಪ್ಪೆಗೆ ಬಿತ್ತು. ಶೇಖವ್ವನಿಗೆ ಕದ ತೆರೆಯುವವರೇ ಇಲ್ಲವಾದರು.

ಕೂಸನ್ನು ಕೊಂದದ್ದು ಜ್ವರವೋ, ಕಹಿಯೋ? ಅವಳಿಗೂ ತಿಳಿಯಲಿಲ್ಲ. ಅದೇ ಚಿಂತೆ ಅವಳನ್ನು ತಿನ್ನತೊಡಗಿತು.

ಅಮಾಸೆಯ ಹೊತ್ತಿಗೆ ಚನ್ನವ್ವ ನಡುಗತೊಡಗಿದಳು. ಮನೆಯಲ್ಲಿ ಪುಡಿ ಇತ್ತು. ಮಗಳೇ ಕೇಳಿದಳು: "ಯವ್ವಾ, ಊರಿಗೆಲ್ಲ ಕೊಟ್ಟಿ. ನನಗ್ಯಾಕ ಕೊಡವಲ್ಲಿ?"

ಶೇಖವ್ವ ಬಟ್ಟಲಿಗೆ ಪುಡಿ ಹಾಕಿದಳು, ನೀರು ಬೆರೆಸಿದಳು. ಅತ್ತ ದರಿ, ಇತ್ತ ಪುಲಿ. ತಾನೇ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಗಾಳೆವ್ವನ ಕೂಸು ಕಣ್ಣೆದುರು ಬಂತು. ಕೈ ಮುಂದೆ ಹೋಗಲಿಲ್ಲ. "ತಡಿ ನನ್ನ ಕಂದಾ, ನಾಳೆ ಜ್ವರ ಬಿಡತೈತಿ" ಎಂದು ಬಟ್ಟಲನ್ನು ಅತ್ತ ಸರಿಸಿದಳು.

ಮರುದಿನ ಬಿಟ್ಟಿತು. ಚನ್ನವ್ವ ರೊಟ್ಟಿ ತಿಂದಳು, ನಕ್ಕಳು. ತಾಯಿಯ ಜೀವ ಹೂವಿನಂತೆ ಹಗುರಾಯಿತು. ಅದರ ಮರುದಿನ ಬಂದ ಜ್ವರ ಮಾತ್ರ ಬಿಡಲೇ ಇಲ್ಲ. ಚನ್ನವ್ವ, ಹೊಟ್ಟೆಯ ಕೂಸು ಇಬ್ಬರೂ ಒಂದೇ ಮಣ್ಣಿಗೆ ಹೋದರು.

ಸತ್ತ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಎದುರುಮನೆಯಿಂದ ಗಾಳೆವ್ವ ರೊಟ್ಟಿಯ ಬುಟ್ಟಿ ಹೊತ್ತು ತಂದಳು. ಜೊತೆಗೆ ಬಂದ ಮುದುಕವ್ವ ಶೇಖವ್ವನ ಪಕ್ಕದಲ್ಲಿ ಕೂತಳು. ಮೆಲ್ಲಗೆ ಕೇಳಿದಳು: "ಮಗಳಿಗೂ ಅದನ್ನ ಕುಡಿಸಿದ್ಯೇನು?"

"ಇಲ್ಲ."

ಮುದುಕವ್ವ ಅವಳ ಕೈ ಹಿಡಿದುಕೊಂಡಳು.

"ಚಲೋ ಮಾಡಿದಿ, ನಮ್ಮವ್ವಾ" ಎಂದಳು.