ಬಂಡೆಯ ಅಕ್ಷರಕ್ಕೆ ಬಿಳಿ ಬಣ್ಣ

ಅಪ್ಪ ತೀರಿಕೊಂಡ ದಿನ ಅವನ ಶ್ರದ್ಧಾಂಜಲಿಯ ಫ್ಲೆಕ್ಸನ್ನು ನಾನೇ ಮಾಡಿದೆ. ಹತ್ತು ನಿಮಿಷದ ಕೆಲಸ. ಸಿಂಧನೂರಿನಲ್ಲಿ ನನ್ನದು ಫ್ಲೆಕ್ಸ್ ಅಂಗಡಿ. ಸತ್ತವರಿಗೆಲ್ಲ ಒಂದೇ ನಮೂನೆ ಇಟ್ಟುಕೊಂಡಿದ್ದೇನೆ. ಎರಡೂ ಬದಿಗೆ ದೀಪ, ನಡುವೆ ಗುಂಡಗೆ ಫೋಟೋ ಕೂರಿಸುವ ಜಾಗ, ಕೆಳಗೆ 'ದುಃಖತಪ್ತ ಕುಟುಂಬ ವರ್ಗ'. ಹಿಂದಿನ ವಾರ ಗೊರೇಬಾಳದ ಒಬ್ಬ ಹಿರಿಯರಿಗೆ ಮಾಡಿದ್ದ ಫೈಲು ತೆರೆದು, ಅವರ ಫೋಟೋ ತೆಗೆದು ಅಪ್ಪನದು ಹಾಕಿದೆ. ಹೆಸರು ಬದಲಿಸಿದೆ. ಅಕ್ಷರದ ನಮೂನೆ ಅದೇ ಇರಲಿ ಅಂತ ಬಿಟ್ಟೆ. ಮಣ್ಣು ಮಾಡುವಾಗಲೂ ನನಗೆ ಅಳು ಬರಲಿಲ್ಲ. 'ಹುಡುಗ ಗಟ್ಟಿ ಅದಾನ' ಅಂದರು ಬಂದವರು. ನಾನೇನು ಹುಡುಗನಲ್ಲ, ನಲವತ್ತು ದಾಟಿದವನು. ಗಟ್ಟಿಯೂ ಅಲ್ಲ. ಒಳಗೆ ಏನೂ ಇರಲಿಲ್ಲ, ಅಷ್ಟೇ.

ಅಪ್ಪ ಬೋರ್ಡ್ ಬರೆಯುವವನು. ತುರ್ವಿಹಾಳದ ಟ್ರ್ಯಾಕ್ಟರ್ ಟ್ರಾಲಿಗಳ ಹಿಂದೆ, ರೈಸ್ ಮಿಲ್ಲುಗಳ ಗೋಡೆ ಮೇಲೆ, ಕಿರಾಣಿ ಅಂಗಡಿಗಳ ತಗಡಿನ ಮೇಲೆ ಅವನ ಅಕ್ಷರವೇ ಇರುತ್ತಿತ್ತು. ನಾನು ಫ್ಲೆಕ್ಸ್ ಯಂತ್ರ ತಂದು ಕೂರಿಸಿದ ಮೇಲೆ ಅವನ ಹತ್ತಿರ ಬರುವವರು ನಿಂತರು. ಅವನ ಅನ್ನಕ್ಕೆ ಮಣ್ಣು ಹಾಕಿದವನು ನಾನೇ, ಅದನ್ನು ಸುತ್ತಿ ಬಳಸಿ ಹೇಳುವುದು ಬೇಡ. ಅವನು ಜಗಳ ಮಾಡಲಿಲ್ಲ. ಅಂಗಡಿಯಲ್ಲಿ ಸ್ಟೂಲ್ ಮೇಲೆ ಕೂತು ಯಂತ್ರದಿಂದ ಹೊರಬೀಳುವ ಅಕ್ಷರ ನೋಡುತ್ತಿದ್ದ. ಒಮ್ಮೆ ಮಾತ್ರ ಅಂದ: "ಅಕ್ಷರದ ತುದಿ ಎತ್ತಬೇಕಾದ್ರ ಉಸುರು ಹಿಡಿಬೇಕಲೇ. ಈ ಮಶಿನ್ನು ಉಸುರು ಹಿಡಿಯಂಗಿಲ್ಲ."

ನಾನು ನಕ್ಕುಬಿಟ್ಟೆ.

ಅವ್ವ ಆ ಫ್ಲೆಕ್ಸಿನ ಬಗ್ಗೆ ತಿಂಗಳು ಕಳೆಯುವತನಕ ಏನೂ ಅನ್ನಲಿಲ್ಲ. ಆಮೇಲೆ ಒಂದು ಮುಂಜಾನೆ ಚಹಾ ಕೊಡುತ್ತ ಹೇಳಿದಳು: "ಊರ ಮಂದಿ ಹೆಸರೆಲ್ಲ ಬರದಾರ ಅವರು. ಅವರ ಹೆಸರಿಗೆ ಒಂದು ಛಂದ ಅಕ್ಷರ ಸಿಗಲಿಲ್ಲೇನು ನಿನಗ? ವರ್ಷದ್ದಕ್ಕರ ಛಂದಂಗ ಮಾಡು."

ಆಯ್ತು ಅಂದೆ. ಅಪ್ಪನ ಮೊದಲ ವರ್ಷದ ತಿಥಿಗೆ ಇನ್ನೂ ಹನ್ನೊಂದು ತಿಂಗಳಿತ್ತು. ಆದರೆ ಯಾವ ಫಾಂಟ್ ತೆಗೆದು ನೋಡಿದರೂ ಅದು ಯಾರಿಗೋ ಆಗಲೇ ಹಾಕಿದ್ದೇ ಆಗಿರುತ್ತಿತ್ತು.

ಅದೇ ಹೊತ್ತಿಗೆ ಹಳೆಯ ಕಾವ್ಯಗಳನ್ನು ಅಚ್ಚು ಹಾಕುವ ಒಂದು ಚಿಕ್ಕ ಪ್ರಕಾಶನದವರು ಫೋನ್ ಮಾಡಿದರು. ಸಾವಿರ ವರ್ಷಕ್ಕೂ ಹಿಂದಿನ ಕಲ್ಬರಹದ ಚಹರೆ ಇರುವ, ಆದರೆ ಇಂದಿನವರು ಓದಬಹುದಾದ ಫಾಂಟ್ ಬೇಕಂತೆ. ನಾನು ಹಿಂದೆ ಎರಡು ಫಾಂಟ್ ಮಾಡಿದ್ದು ಅವರಿಗೆ ಯಾರಿಂದಲೋ ಗೊತ್ತಾಗಿತ್ತು. ನಮ್ಮ ಕಡೆಯ ಏಳೆಂಟು ಶಾಸನಗಳ ಫೋಟೋ ಕಳಿಸಿ, ಇದರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂದರು. ನನ್ನ ಲೆಕ್ಕ ಸರಳವಾಗಿತ್ತು. ಅವರ ಕೆಲಸವೂ ಆಗುತ್ತದೆ, ಅಪ್ಪನ ಹೆಸರಿಗೆ ಯಾರ ಎಂಜಲೂ ಅಲ್ಲದ ಅಕ್ಷರವೂ ಸಿಗುತ್ತದೆ.

ನಾನು ಆರಿಸಿದ್ದು ಮಸ್ಕಿಯ ಆಚೆ ಒಂದು ಜೋಳದ ಹೊಲದಲ್ಲಿರುವ ಕಲ್ಲು. ಆರೇ ಸಾಲು. 'ಸ್ವಸ್ತಿ ಶ್ರೀ' ಅಂತ ಶುರುವಾಗುತ್ತದೆ. ಉಳಿದ ಶಾಸನಗಳ ಅಕ್ಷರ ಚೆನ್ನಾಗಿಲ್ಲ ಅಂತಲ್ಲ, ಆದರೆ ಇದರವು ನೋಡಿದ ಕೂಡಲೇ ಕೈಗೆ ಒಗ್ಗಿದವು. ಹೊಲದವರು ಕಲ್ಲನ್ನು ದೇವರೆಂದು ಪೂಜೆ ಮಾಡಿ, ಅಕ್ಷರಕ್ಕೆ ಬಿಳಿ ಆಯಿಲ್ ಪೇಂಟ್ ತುಂಬಿಸಿದ್ದರು. ನಮ್ಮ ಕಡೆ ಇದು ಹೊಸದಲ್ಲ. ಅಕ್ಷರ ಓದಲು ಬರದಿದ್ದರೂ ಅದು ಮಾಸಬಾರದು ಅಂತ ಬಣ್ಣ ಹಚ್ಚುತ್ತಾರೆ. ಬಿಸಿಲು ಕಾಲದಲ್ಲಿ ಒಮ್ಮೆ ಬೈಕ್ ಮೇಲೆ ಹೋಗಿ ನಾನೂ ಫೋಟೋ ತೆಗೆದುಕೊಂಡು ಬಂದೆ. ಹೊಲದಲ್ಲಿ ನರಪಿಳ್ಳೆ ಇರಲಿಲ್ಲ. ಕಲ್ಲಿನ ಮೇಲೆ ಒಮ್ಮೆ ಕೈ ಆಡಿಸಿ ನೋಡಬೇಕಾಗಿತ್ತು. ಸುಡುತ್ತಿತ್ತು, ಬಿಟ್ಟೆ.

ಎಂಟು ತಿಂಗಳು ಆ ಅಕ್ಷರಗಳ ಜೊತೆ ಇದ್ದೆ. ಗಿರಾಕಿಗಳ ಹುಟ್ಟುಹಬ್ಬ, ಗೃಹಪ್ರವೇಶದ ಫ್ಲೆಕ್ಸ್ ಮುಗಿಸಿ, ಮಧ್ಯಾಹ್ನ ಅಂಗಡಿ ಖಾಲಿ ಇರುವಾಗ ಸ್ಕ್ರೀನಿನ ಮೇಲೆ ಒಂದೊಂದೇ ಗೆರೆ ಎಳೆಯುವುದು. ಆ ಕಾಲದ ಅಕ್ಷರದ ಮೈ ಬೇರೆ, ಈಗಿನದರ ಮೈ ಬೇರೆ. ಹಾಗಾಗಿ ಮೈ ಈಗಿನದೇ ಇಟ್ಟು, ತಿರುವು ಮಾತ್ರ ಕಲ್ಲಿನಿಂದ ತಂದೆ. ಎಲ್ಲಕ್ಕಿಂತ ಚೆಂದ ಅದರ ತಲೆಕಟ್ಟು. ಬಲದ ತುದಿಯಲ್ಲಿ, ಹಂಚಿನ ಮೇಲಿನ ರೊಟ್ಟಿಯ ಅಂಚು ಏಳುವಂತೆ, ಒಂದು ಎಳೆ ಮೇಲಕ್ಕೆ ಎದ್ದಿರುತ್ತಿತ್ತು. ಆ ಎಳೆ ತರುವುದಕ್ಕೆ ಮೌಸ್ ಹಿಡಿದ ಕೈ ಸ್ವಲ್ಪವೂ ಅಲುಗಬಾರದು. ನಾನು ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಆರು ಸಾಲಿನಲ್ಲಿ ಎಲ್ಲ ಅಕ್ಷರ ಎಲ್ಲಿ ಸಿಗಬೇಕು? ಘ ಇರಲಿಲ್ಲ, ಝ ಇರಲಿಲ್ಲ, ಭ ಇರಲಿಲ್ಲ. ಇಲ್ಲದ್ದನ್ನು ನಾನೇ ಊಹಿಸಿ ಬರೆದೆ. ಭ ಒಂದಕ್ಕೇ ಹನ್ನೊಂದು ದಿನ ಹಿಡಿಯಿತು. ಖುಷಿಯಾಗುತ್ತಿತ್ತೇ ಅಂದರೆ ಇಲ್ಲ. ಬೇಜಾರೂ ಇಲ್ಲ. ಊಟ ಮಾಡುತ್ತಿದ್ದೆ, ಮಲಗುತ್ತಿದ್ದೆ, ಗೆರೆ ಎಳೆಯುತ್ತಿದ್ದೆ.

ಫಾಂಟ್ ಮುಗಿದ ಮೇಲೆ, ಕಳಿಸುವ ಮುಂಚೆ ತಿಳಿದವರಿಗೆ ಒಮ್ಮೆ ತೋರಿಸೋಣ ಅಂತ ಲಿಂಗಸುಗೂರಿಗೆ ಹೋದೆ. ಅಲ್ಲಿ ಒಬ್ಬ ನಿವೃತ್ತ ಹೈಸ್ಕೂಲ್ ಮೇಷ್ಟ್ರು ಇದ್ದಾರೆ. ಪ್ರಾಯದಲ್ಲಿ ಸೈಕಲ್ ಮೇಲೆ ತಿರುಗಿ ಶಾಸನಗಳ ಪಡಿಯಚ್ಚು ತೆಗೆದವರು. ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಕೂರಿಸಿ, ಮೇಲೆ ಮಸಿ ಒತ್ತಿದರೆ ಕೊರೆದ ಕಡೆ ಮಾತ್ರ ಬಿಳಿ ಉಳಿಯುತ್ತದೆ. ಕಲ್ಲು ಏನು ಹೇಳುತ್ತದೋ ಅಷ್ಟೇ ಕಾಗದದಲ್ಲಿ ಬರುತ್ತದೆ.

ಮೇಷ್ಟ್ರು ನನ್ನ ಹಾಳೆಗಳನ್ನು ನೋಡಿದರು. ಮತ್ತೊಮ್ಮೆ ನೋಡಿದರು. ಎದ್ದು ಹೋಗಿ, ತಗಡಿನ ಪೆಟ್ಟಿಗೆಯಿಂದ ಒಂದು ಸುರುಳಿ ತಂದು ಬಿಚ್ಚಿದರು. ಅದೇ ಕಲ್ಲಿನ ಪಡಿಯಚ್ಚು. ಬಣ್ಣ ಬೀಳುವ ಮುಂಚಿನದು.

"ಈ ತಲೆಕಟ್ಟು ಹಿಂಗ ಎತ್ತಿದ್ದು ಎಲ್ಲಿಂದ ತಂದೆಪಾ?"

"ಕಲ್ಲಿನಾಗ ಐತ್ರಿ ಸರ್."

"ಕಲ್ಲಿನಾಗ ಇಲ್ಲ. ನೋಡಿಲ್ಲಿ. ಮ್ಯಾಲಿನ ಎರಡು ಸಾಲು ನೆಟ್ಟಗ ಅದಾವ, ತಲೆಕಟ್ಟು ಎಲ್ಲೂ ಎದ್ದಿಲ್ಲ. ಕೆಳಗಿನ ನಾಕು ಸಾಲು ನಾ ಹೋದಾಗನ ಸವದು ಹೋಗಿದ್ವು. ಬಣ್ಣ ಹಚ್ಚಿದವ ತನಗ ತಿಳದಂಗ ಬರದಾನ." ಸುರುಳಿಯನ್ನು ಮತ್ತೆ ಸುತ್ತುತ್ತ ಅಂದರು: "ಕೈ ಮಾತ್ರ ಭಾರಿ ಐತಿ ಅವಂದು."

ಎಂಟು ತಿಂಗಳ ಕೆಲಸ ನೀರುಪಾಲಾಯಿತು ಅಂತ ತಿಳಿದರೂ ನನಗೆ ಏನೂ ಅನ್ನಿಸಲಿಲ್ಲ. ಯಾರು ಆ ಮನುಷ್ಯ ಅಂತ ಕೇಳಿಕೊಂಡು ಬರೋಣ ಅನ್ನಿಸಿತು. ವಾಪಸು ಬರುವ ದಾರಿಯಲ್ಲೇ ಮಸ್ಕಿ, ಅಲ್ಲಿಂದ ಹೊಲ ದೂರವೇನಿಲ್ಲ.

ಎಳ್ಳಮಾಸಿ ಮುಗಿದು ಐದಾರು ದಿನವಾಗಿತ್ತು. ಎಳ್ಳು ಅಮಾವಾಸ್ಯೆಗೆ ನಮ್ಮ ಕಡೆಯವರು ಹೊಲಕ್ಕೆ ಅಡುಗೆ ಒಯ್ದು, ಭೂಮಿತಾಯಿಗೆ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಕಲ್ಲಿನ ಮುಂದೆ ಒಡೆದ ತೆಂಗಿನಕಾಯಿಯ ಚಿಪ್ಪು ಇನ್ನೂ ಬಿದ್ದಿತ್ತು. ಆದರೆ ಅಕ್ಷರದ ಬಣ್ಣ ಅಲ್ಲಲ್ಲಿ ಎದ್ದಿತ್ತು. ಜೋಳದ ನಡುವೆ ಹಕ್ಕಿ ಕಾಯುತ್ತಿದ್ದ ಹೊಲದೊಡತಿ ಬಂದಳು, ಅರವತ್ತರ ಹತ್ತಿರದ ಹೆಂಗಸು. ಬಣ್ಣ ಹಚ್ಚುವವರು ಯಾರು ಅಂತ ಕೇಳಿದೆ.

"ಸಿಂಧನೂರಿನ ಪೇಂಟರ್ ರೀ. ಪ್ರತಿ ಎಳ್ಳಮಾಸಿಗೆ ತಾವಾಗೇ ಡಬ್ಬಿ, ಬ್ರಶ್ ತಗೊಂಡು ಬರೋರು. ಒಂದು ದಿನಾ ಪೂರ್ತಿ ಈ ಕಲ್ಲಿನ ಮುಂದ ಕುಂದ್ರೋರು. ಏನೂ ಇಸಕೊಳ್ಳತಿದ್ದಿಲ್ಲ, ಒಂದು ಬುತ್ತಿ ಬಿಟ್ರ. ಈ ಸಲ ಬರಲೇ ಇಲ್ಲ ನೋಡ್ರಿ. ಅವರ ಬುತ್ತಿ ಕಟ್ಟಿ ಇಟ್ಟಿದ್ದೆ."

ಪ್ರತಿ ಎಳ್ಳಮಾಸಿ ಸಂಜೆ ಅಪ್ಪ ಒಂದು ಬುತ್ತಿ ತರುತ್ತಿದ್ದ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯ. 'ದೋಸ್ತನ ಹೊಲದಾಗ ಕೊಟ್ಟಾರ' ಅನ್ನುತ್ತಿದ್ದ. ನಾನು ಫೋನ್ ನೋಡುತ್ತ ತಿನ್ನುತ್ತಿದ್ದೆ. ಯಾವ ದೋಸ್ತ, ಯಾವ ಹೊಲ ಅಂತ ಒಂದು ಸಲವೂ ಕೇಳಲಿಲ್ಲ.

"ಅವರು ನಮ್ಮಪ್ಪ," ಅಂದೆ.

ಆಕೆಯ ಮುಖ ಅರಳಿತು. "ಹೌದೇನು! ಆರಾಮ ಅದಾರಿಲ್ಲೋ?"

"ತೀರಿಕೊಂಡ್ರು. ಬರೋ ತಿಂಗಳಿಗೆ ವರ್ಷ."

ಬಸ್ಸು ಹೋಯಿತು ಅಂತ ಹೇಳುವಂತೆ ಹೇಳಿದೆ. ಆಕೆ ಹಾಗೇ ಕಲ್ಲಿನ ಪಕ್ಕ ಕೂತಳು. ಸೆರಗು ಬಾಯಿಗೆ ಹಿಡಿದು ಅತ್ತಳು. ವರ್ಷಕ್ಕೆ ಒಂದು ದಿನ ನೋಡಿದ ಮನುಷ್ಯನಿಗಾಗಿ ಆಕೆ ಅಳುತ್ತಿದ್ದಳು, ಮಗನಾದ ನಾನು ಬೈಕಿನ ಕೀಲಿ ಹಿಡಿದು ನಿಂತಿದ್ದೆ. ನಾಚಿಕೆಯಾಯಿತು. ಅಷ್ಟು ತಿಂಗಳಲ್ಲಿ ನನಗೆ ಅನ್ನಿಸಿದ್ದು ಅದೊಂದೇ. ಹೊರಡುವಾಗ ಆಕೆ ಗುಡಿಸಲಿನಿಂದ ಆ ಬುತ್ತಿಯನ್ನೇ ತಂದುಕೊಟ್ಟಳು. ಪಲ್ಯ ಹಳಸಿತ್ತು ಅಂತ ತೆಗೆದಿದ್ದಳು, ಖಡಕ್ ರೊಟ್ಟಿ ಮತ್ತು ಹೋಳಿಗೆ ಇದ್ದವು.

ಮನೆಗೆ ಬಂದು ಬುತ್ತಿಯನ್ನು ಅವ್ವನ ಮುಂದೆ ಇಟ್ಟೆ. ಕಟ್ಟಿದ ಬಟ್ಟೆ ನೋಡಿಯೇ ಅವಳಿಗೆ ತಿಳಿಯಿತು.

"ನಿನಗ ಗೊತ್ತಿತ್ತೇನು?" ಅಂದೆ.

"ಗೊತ್ತಿಲ್ಲೇನು ಮತ್ತ? ಬಣ್ಣದ ಡಬ್ಬಿ ತೊಳದು ಕೊಡಾಕಿ ನಾನ."

"ನನಗ್ಯಾಕ ಹೇಳಲಿಲ್ಲ?"

"ಬರಿಯಾಕ ಹೊಂಟೀನಿ ಅಂದ್ರ ನೀ ಮಾರಿ ತಿರುವತಿದ್ದಿ. ಅದಕ್ಕ ದೋಸ್ತನ ಹೊಲಾ ಅಂತಿದ್ರು."

ಆ ರಾತ್ರಿಯೇ ಪ್ರಕಾಶನದವರಿಗೆ ಇದ್ದದ್ದು ಇದ್ದಹಾಗೆ ಬರೆದೆ. ಈ ಅಕ್ಷರ ಸಾವಿರ ವರ್ಷದ್ದಲ್ಲ, ಅರ್ಧಕ್ಕರ್ಧ ನಮ್ಮಪ್ಪನದು, ಅವನಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲ. ಅವರು ಸಜ್ಜನರು. ಬೇಸರ ಮಾಡಿಕೊಳ್ಳಬೇಡಿ, ನಮಗೆ ಕಲ್ಲಿನದೇ ಬೇಕಾಗಿತ್ತು ಅಂತ ಉತ್ತರ ಬಂತು. ಫಾಂಟ್ ನನ್ನ ಹತ್ತಿರವೇ ಉಳಿಯಿತು.

ವರ್ಷಕ್ಕೆ ನಾಲ್ಕು ದಿನ ಇರುವಾಗ ಅಷ್ಟೂ ಅಕ್ಷರಗಳನ್ನು ದೊಡ್ಡದಾಗಿ ಒಂದು ಹಾಳೆಯ ಮೇಲೆ ತೆಗೆದು ಅವ್ವನಿಗೆ ತೋರಿಸಿದೆ. ಇದರಲ್ಲೇ ಅಪ್ಪನ ಹೆಸರು ಬರೆಯುತ್ತೇನೆ, ನಡೆಯುತ್ತದೋ ನೋಡು ಅಂದೆ. ಕಲ್ಲಿನದು ಎಷ್ಟು, ಅಪ್ಪನದು ಎಷ್ಟು, ನನ್ನದು ಎಷ್ಟು ಅಂತ ಅವಳಿಗೆ ಹೇಳಿರಲಿಲ್ಲ. ನಾಲ್ಕನೇ ಇಯತ್ತೆ ಓದಿದವಳು. ಆದರೆ ಮೂವತ್ತು ವರ್ಷ ಅಪ್ಪನ ಬೋರ್ಡುಗಳು ಒಣಗುವುದನ್ನು ಅಂಗಳದಲ್ಲಿ ಕಾದವಳು. ಕೈ ಒರೆಸಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದಳು. ಬೆರಳು ಒಂದೊಂದೇ ಅಕ್ಷರ ದಾಟುತ್ತ ಬಂದು ಒಂದು ಕಡೆ ನಿಂತಿತು.

"ಉಳದವು ಏನರ ಇರಲಿ, ಇದು ಮಾತ್ರ ಖರೇನ ಅವರ ಕೈದು. ನೋಡಿಲ್ಲೆ, ಉಸುರು ಹಿಡದು ಎತ್ಯಾರ."

ಅವಳ ಬೆರಳು ಭ ಮೇಲಿತ್ತು, ಕಲ್ಲಿನಲ್ಲಿ ಇರದೆ ನಾನು ಹನ್ನೊಂದು ದಿನ ಕೂತು ಬರೆದದ್ದು.

ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಆಮೇಲೆ ಬಹಳ ಹೊತ್ತು ಅತ್ತೆ. ಹಾಳೆ ಒದ್ದೆಯಾಗಬಾರದು ಅಂತ ಅವ್ವ ಅದನ್ನು ಆಚೆಗೆ ಸರಿಸಿ ಇಟ್ಟಳು.