ಹತ್ತಿಯಲ್ಲಿಟ್ಟ ನಾಣ್ಯ, ಹುಣಸೆಯಲ್ಲಿ ತಿಕ್ಕಿದ ನಾಣ್ಯ

ನಾಣ್ಯದ ಮೇಲೆ ಎರಡೆರಡಾಗಿ ಕಾಣುವ ಅಕ್ಷರಗಳಲ್ಲಿ ಯಾವುದು ಅಸಲು, ಯಾವುದು ಪೊಳ್ಳು ಎಂದು ಒಮ್ಮೆ ಬಾಯಿಬಿಟ್ಟು ಹೇಳಿದ್ದಕ್ಕೆ ನಾನು ತೆತ್ತ ಬೆಲೆ ಅಕ್ಕನ ಮನೆಯ ಊಟ. ಕಾಶಿಯಲ್ಲಿ ನಮ್ಮ ಕಡೆಯ ಸಾರು ಸಿಗುತ್ತಿದ್ದ ಮನೆ ನನಗೆ ಅದೊಂದೇ. ಅಗ್ಗದ ವ್ಯಾಪಾರವಲ್ಲ. ಆದರೂ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವವನು ನಾನಲ್ಲ.

ಭಾವ ಪುರೋಹಿತರು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡದಾನ ಮಾಡಿಸುವುದು ಮನೆತನದ ಕೆಲಸ. ಬಂದವರನ್ನು ದಾಯಾದಿಗಳು ಪಾಳಿಯಂತೆ ಹಂಚಿಕೊಳ್ಳುತ್ತಾರೆ. ಪಾಳಿ ಉಳ್ಳವನು ಯಜಮಾನನ ಎದುರು ಕೂತು ಮಂತ್ರ ಹೇಳುತ್ತಾನೆ. ಇಲ್ಲದವನು ಅವನ ಹಿಂದೆ ಎಳ್ಳು, ದರ್ಭೆ ಹೊಂದಿಸುತ್ತಾನೆ. ನಾನು ದಶಾಶ್ವಮೇಧ ಘಾಟ್‌ನ ಮೇಲಿನ ಗಲ್ಲಿಯಲ್ಲಿ ನೆಲಕ್ಕೆ ಬಟ್ಟೆ ಹಾಸಿ ಹಳೆ ನಾಣ್ಯ ಮಾರುತ್ತಿದ್ದವನು, ಈಗ ಬಾಗಿಲಿರುವ ಅಂಗಡಿಯಲ್ಲಿ ಕೂತಿದ್ದೇನೆ. ಭಾವನ ಕಣ್ಣಿಗೆ ಅದು ಕಸ ಮಾರುವ ಕಸುಬಾಗಿತ್ತು, ಫೋನಿನಲ್ಲಿ ಒಂದು ವಿಡಿಯೊ ನೋಡುವ ತನಕ.

ಅಕ್ಷರ ಎರಡಾಗಿ ಬಿದ್ದ ನಾಣ್ಯಕ್ಕೆ ಲಕ್ಷಗಟ್ಟಲೆ ಬರುತ್ತದೆ ಎಂದು ವಿಡಿಯೊದವನು ಕೂಗಿದ್ದ. ಭಾವ ದಕ್ಷಿಣೆಯ ಡಬ್ಬಿ ಸುರಿದುಕೊಂಡು ಎರಡು ನಾಣ್ಯ ಆರಿಸಿದರು. ಒಂದು ಐದು ರೂಪಾಯಿ. ಇಸವಿಯ ಅಂಕಿ ದೂರದಿಂದಲೇ ಜೋಡಿಯಾಗಿ ಕಾಣುತ್ತಿತ್ತು. ಅದನ್ನು ಹತ್ತಿಯಲ್ಲಿ ಸುತ್ತಿ ಬೆಳ್ಳಿಯ ಭರಣಿಯಲ್ಲಿಟ್ಟರು. ಇನ್ನೊಂದು ಹಳೆಯ ಕಂಚಿನ ಪೈಸೆ, ಮಂಕು. ಅದು ದೇವರ ಮುಂದಿನ ತಟ್ಟೆಗೆ ಹೋಯಿತು.

ಐದು ರೂಪಾಯಿಯ ಧೈರ್ಯದ ಮೇಲೆ ಕಂಟೋನ್ಮೆಂಟ್ ಬಳಿ ಯಾತ್ರಿಕರಿಗೆ ಲಾಡ್ಜ್ ತೆರೆಯಲು ಹೊರಟರು. ಕಟ್ಟಡದ ಮುಂಗಡದ ಹಣಕ್ಕೆ ತಮ್ಮ ಪಾಳಿಯನ್ನೇ ಒಬ್ಬ ದಾಯಾದಿಗೆ ಬಿಟ್ಟುಕೊಟ್ಟರು. ಅದಕ್ಕೆ ಕಾಗದಪತ್ರವಿಲ್ಲ, ಗಂಗೆಯಲ್ಲಿ ನಿಂತು ಕೈಗೆ ಧಾರೆ ಎರೆದರೆ ಮುಗಿಯಿತು. ನಾಣ್ಯವನ್ನು ನನಗೆ ತೋರಿಸಿ ಆಮೇಲೆ ಎರೆಯಬಹುದಿತ್ತು. ಆದರೆ ಮುಹೂರ್ತ ಬೆಳಿಗ್ಗೆ ಇತ್ತು, ನಾನು ಮಧ್ಯಾಹ್ನದ ಊಟಕ್ಕೆ ಬರುವವನಿದ್ದೆ. ಮುಹೂರ್ತ ಕಾಯುವುದಿಲ್ಲವಂತೆ.

ನಾನು ಹೋದಾಗ ದಾಯಾದಿಯೂ ಎಲೆಯ ಮುಂದೆ ಕೂತಿದ್ದ. ಭಾವ ಭರಣಿ ತೆರೆದರು.

“ಕಸ ಮಾರೋನೇ, ಇದಕ್ಕೆ ಬೆಲೆ ಕಟ್ಟು ನೋಡೋಣ.”

ಭೂತಗನ್ನಡಿ ಹಿಡಿದೆ. “ಐದು ರೂಪಾಯಿ, ಭಾವ.”

“ಅದು ನನಗೂ ಗೊತ್ತು. ಬೆಲೆ ಹೇಳು.”

“ಅದನ್ನೇ ಹೇಳಿದ್ದು.”

ದಾಯಾದಿ ನಕ್ಕ. “ಅರೆ ಭಯ್ಯಾ, ಐದಕ್ಕೆ ಈಗ ಒಳ್ಳೆ ಪಾನ್ ಕೂಡ ಸಿಗಲ್ಲ!”

“ಇನ್ನೊಂದ್ಸಲ ನೋಡೋ,” ಎಂದಳು ಅಕ್ಕ, ಸಾರಿನ ಪಾತ್ರೆ ಹಿಡಿದುಕೊಂಡೇ.

ಮತ್ತೆ ನೋಡಿದೆ. ಎರಡನೆಯ ಅಂಕಿ ಚಪ್ಪಟೆ, ಮೊದಲನೆಯದರ ಬದಿಗೆ ಮೆಟ್ಟಿಲಿನಂತೆ ತಗ್ಗಾಗಿ ಬಿದ್ದಿತ್ತು. ಮೊದಲನೆಯದೂ ಆ ಬದಿಗೆ ಕತ್ತರಿಸಿದಂತೆ ತೆಳ್ಳಗಾಗಿತ್ತು. ಏಟು ಬಿದ್ದ ಕ್ಷಣದಲ್ಲಿ ಸಡಿಲವಾದ ಅಚ್ಚು ಅಲುಗಿ ಲೋಹವನ್ನು ತಳ್ಳಿದರೆ ಹೀಗಾಗುತ್ತದೆ. ಇಂಥವು ನನ್ನ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಇವೆ, ಯಾರೂ ಕೇಳುವುದಿಲ್ಲ. ಅದನ್ನೂ ಹೇಳಿದೆ.

ಭಾವ ದಾಯಾದಿಯತ್ತ ತಿರುಗಿದರು. “ಕಟ್ಟಡದ ಮುಂಗಡ ವಾಪಸ್ ಇಸ್ಕೊಂಡು ನಿನ್ನ ದುಡ್ಡು ಕೊಟ್ಟುಬಿಡ್ತೀನಿ. ಪಾಳಿ ನಂಗೇ ಇರ್ಲಿ.”

“ಬೆಳಿಗ್ಗೆ ಎರೆದ ನೀರು ಗಂಗೆಯಿಂದ ಎತ್ಕೊಡಿ ಭಯ್ಯಾ, ನಾನೂ ಪಾಳಿ ಕೊಡ್ತೀನಿ,” ಎಂದು ಅವನು ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ದೇವರ ತಟ್ಟೆಯಲ್ಲಿ ಪೈಸೆ ತೊಳೆದ ಪಂಚಪಾತ್ರೆಯಂತೆ ಥಳಥಳಿಸುತ್ತಿತ್ತು. ಎತ್ತಿ ನೋಡಿದೆ. ಎರಡು ಅಕ್ಷರವೂ ಒಂದೇ ಎತ್ತರ, ಎರಡೂ ದುಂಡಗೆ, ತುದಿಗಳಲ್ಲಿ ಸೀಳು. ಅಚ್ಚು ತಯಾರಾಗುವಾಗಲೇ ಅಕ್ಷರ ಎರಡು ಸಲ ಮೂಡಿತ್ತು. ಅಸಲು ಜೋಡಿಯೆಂದರೆ ಇದೇ.

“ಅಕ್ಕ, ಇದನ್ನ ಏನ್ ಮಾಡಿದೆ?”

“ದಿನಾ ಹುಣಸೆಹಣ್ಣು, ಬೂದಿ ಹಾಕಿ ತಿಕ್ತೀನಿ. ಲಕ್ಷ್ಮಿ ಅಲ್ವೇನೋ?”

“ಲಕ್ಷ್ಮಿಯೇ. ನೀನೇ ತಿಕ್ಕಿ ಬಚ್ಚಲಿಗೆ ಕಳಿಸ್ದೆ, ತಿಕ್ಕಿದ ನಾಣ್ಯಕ್ಕೆ ಬೆಲೆ ಇರಲ್ಲ. ತಿಕ್ಕದೆ ಇದ್ದಿದ್ರೆ ಇದಕ್ಕೆ ಭಾವನ ಪಾಳಿಯಷ್ಟು ದುಡ್ಡು ಕೊಡೋ ಗಿರಾಕಿನ ನಾನೇ ಹುಡುಕಿ ಕೊಡ್ತಿದ್ದೆ. ಈಗ ಬೇಕಾದ್ರೆ ಈ ಊಟದ ಬೆಲೆಗೆ ತಗೋತೀನಿ.”

ಭಾವ ಕೈ ತೊಳೆಯದೆ ಎದ್ದು ಹೋದರು. ಅಕ್ಕ ಪೈಸೆಯನ್ನು ಕಸಿದು ನನ್ನ ಎಲೆಯ ಮೇಲೆ ಎಸೆದಳು. “ತಗೊಂಡು ಹೋಗು. ಇನ್ನು ಈ ಹೊಸ್ತಿಲು ತುಳೀಬೇಡ.”

ತೆಗೆದುಕೊಂಡು ಹೊರಟೆ. ನನ್ನ ಎಲೆಗೆ ಸಾರು ಇನ್ನೂ ಬಡಿಸಿರಲಿಲ್ಲ.

ಈಗ ಭಾವ ದಾಯಾದಿಯ ಹಿಂದೆ ಕೂತು ಎಳ್ಳು ಹೊಂದಿಸುತ್ತಾರೆ. ನಾನು ಹಾದು ಹೋದರೆ ನದಿಯ ಕಡೆ ಮುಖ ಮಾಡುತ್ತಾರೆ. ಪೈಸೆ ನನ್ನ ಗಾಜಿನ ಪೆಟ್ಟಿಗೆಯಲ್ಲಿದೆ. ತೊಳೆಯಬೇಡಿ ಎಂದು ಗಿರಾಕಿಗಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.

ನಿಮಗೂ ಇಂಥದ್ದು ಸಿಕ್ಕರೆ ಬೆಳಕನ್ನು ಒಂದು ಬದಿಯಿಂದ ಬಿಟ್ಟು, ನಾಣ್ಯವನ್ನು ಓರೆಯಾಗಿ ಹಿಡಿದು ನೋಡಿ. ಎರಡನೆಯ ಅಕ್ಷರ ತಗ್ಗಾಗಿ ಚಪ್ಪಟೆಯಾಗಿದ್ದರೆ ತರಕಾರಿಯವನಿಗೆ ಕೊಟ್ಟುಬಿಡಿ. ಅಂಚು ಊದಿಕೊಂಡು ಕಲಸಿದಂತಿದ್ದರೆ ಅಚ್ಚು ಸವೆದಿದೆ ಅಷ್ಟೆ, ಅದನ್ನೂ ಕೊಡಿ. ದುಂಡಗೆ ಎದ್ದು ತುದಿ ಸೀಳಿದ್ದರೆ ಮಾತ್ರ ಅಂಚು ಹಿಡಿದು ಎತ್ತಿ ಕಾಗದದಲ್ಲಿಡಿ. ನೀರು, ಹುಣಸೆ, ಕುಂಕುಮ ಯಾವುದೂ ಸೋಕದಿರಲಿ. ಬೆಲೆ ಕೇಳಲು ಹೆಂಡತಿಯ ತಮ್ಮನ ಹತ್ತಿರ ಹೋಗಬೇಡಿ. ಸಂಬಂಧವಿಲ್ಲದ ಇಬ್ಬರ ಹತ್ತಿರ ಕೇಳಿ. ಕೇಳುವುದು ಧಾರೆ ಎರೆಯುವ ಮೊದಲು.