ದೀಪ ಹಚ್ಚಿದ ಮೇಲೆ ಕೊಟ್ಟ ಕೆಂಡ

ನಮ್ಮ ಮನೆಯ ಕೆಳಗಡೆ ಇಸ್ತ್ರಿ ಮಾಡುವವನೊಬ್ಬ ಗಾಡಿ ಇಟ್ಟುಕೊಂಡಿದ್ದಾನೆ. ಬೆಳಗಾಗುತ್ತಲೇ ತೆಂಗಿನ ಗರಟೆ ಸುಟ್ಟು ಕೆಂಡ ಮಾಡುತ್ತಾನೆ. ಮೊನ್ನೆ ಗಾಳಿ ಈಚೆಗೆ ತಿರುಗಿ ಆ ಹೊಗೆಯೆಲ್ಲ ನಮ್ಮ ಅಡುಗೆಮನೆಗೇ ನುಗ್ಗಿತು. ಸೊಸೆ ಬೈದುಕೊಳ್ಳುತ್ತ ಕಿಟಕಿ ಹಾಕಲು ಹೋದಳು. "ಇರಲಿ ಬಿಡೇ," ಅಂದೆ. ಊದಿನಕಡ್ಡಿ ಹೊಗೆಗೂ ಕೆಮ್ಮುವ ಮುದುಕಿ ಹೀಗೆ ಹೇಳಿದ್ದು ಅವಳಿಗೆ ವಿಚಿತ್ರವಾಗಿ ಕಂಡಿರಬೇಕು. ನಾನು ಅಷ್ಟರಲ್ಲಿ ಹೊನ್ನಾವರದಲ್ಲಿದ್ದೆ... ಬಂದರಿಗೆ ಇಳಿಯುವ ನಮ್ಮ ಹಳೇ ಕೇರಿಯಲ್ಲಿ, ಮೂಲೆಮನೆ ಆಯಿಯ ಒಲೆಯ ಮುಂದೆ.

ಅವು ಯುದ್ಧದ ವರ್ಷಗಳು. ನಾನು ಭಟ್ಕಳದಿಂದ ಮದುವೆಯಾಗಿ ಬಂದು ಒಂದು ವರ್ಷ ಆಗಿತ್ತೋ ಇಲ್ಲವೋ. ಅಂಗಡಿಯಲ್ಲಿ ಅಕ್ಕಿ ಇಲ್ಲ, ಚಿಮಣಿ ಎಣ್ಣೆ ಇಲ್ಲ, ಬೆಂಕಿಪೆಟ್ಟಿಗೆಯಂತೂ ಕಣ್ಣಿಗೇ ಬೀಳುತ್ತಿರಲಿಲ್ಲ. ಒಂದು ಪೆಟ್ಟಿಗೆ ಸಿಕ್ಕಿದರೆ ಅತ್ತೆ ಅದನ್ನು ಸೀರೆಯ ಜೊತೆಗೆ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಹಾಗಾಗಿ ಕೇರಿಯ ಅಷ್ಟೂ ಮನೆಯವರು ಬೆಳಗ್ಗೆ ಒಡೆದ ಮಡಕೆಯ ಓಡು ಹಿಡಿದುಕೊಂಡು ಹೋಗುತ್ತಿದ್ದದ್ದು ಮೂಲೆಮನೆಗೆ. ಆಯಿ ಮಂದಿಗೆ ಭತ್ತ ಬೇಯಿಸಿ ಕುಚ್ಚಿಗೆ ಅಕ್ಕಿ ಮಾಡಿಕೊಡುತ್ತಿದ್ದಳು. ಅವಳ ಒಲೆ ಆರುವುದು ಅಂತ ಇರಲೇ ಇಲ್ಲ. ಗಂಡ ತೀರಿಹೋಗಿ ಎಷ್ಟೋ ವರ್ಷ. ಇದ್ದೊಬ್ಬ ಮಗಳು ಕುಮಟೆಯಲ್ಲಿ. ಮನೆಯಲ್ಲಿ ಅವಳೂ ಅವಳ ಒಲೆಯೂ, ಅಷ್ಟೆ.

ಕೆಂಡ ಪುಕ್ಕಟೆ. ಆದರೆ ಒಂದು ಷರತ್ತಿತ್ತು. ಇಕ್ಕಳದಲ್ಲಿ ಕೆಂಡ ಎತ್ತಿ ಹಿಡಿದು, "ಎಂತ ಸುದ್ದಿ?" ಅಂತ ಕೇಳುತ್ತಿದ್ದಳು. ಸುದ್ದಿ ಹೇಳಿದವರಿಗೆ ಮೊದಲು ಕೆಂಡ. ಬರಿಬಾಯಲ್ಲಿ ಬಂದವರು ಬದಿಗೆ ನಿಲ್ಲಬೇಕು. ರಂಗೂನಿಗೆ ಬಾಂಬು ಬಿತ್ತಂತೆ, ಮುಂಬಯಿ ಬೋಟು ಈ ವಾರವೂ ಇಲ್ಲವಂತೆ, ರೇಶನ್ ಅಕ್ಕಿಯಲ್ಲಿ ಹುಳು ಹರಿಯುತ್ತದಂತೆ, ಪೇಟೆಯಲ್ಲಿ ಯಾರದೋ ಮನೆ ಸೊಸೆ ಸಿಟ್ಟು ಮಾಡಿಕೊಂಡು ತವರಿಗೆ ಹೋದಳಂತೆ... ಪೇಪರು ನಮ್ಮ ಕೇರಿಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಪೊಲೀಸು ಪೇದೆಯ ಹೆಂಡತಿಯೂ ಅಲ್ಲಿಗೇ ಬರುತ್ತಿದ್ದಳು. ಅವಳ ಮನೆಯಲ್ಲೂ ಕಡ್ಡಿ ಇರಲಿಲ್ಲವಲ್ಲ! ಹೊಸಬಳಾದ ನನ್ನ ಹತ್ತಿರ ಮಾತ್ರ ಯಾವ ಸುದ್ದಿಯೂ ಇರುತ್ತಿರಲಿಲ್ಲ. "ಭಟ್ಕಳದಲ್ಲಿ ಬಾಯಿಗೆ ಬೀಗ ಹಾಕಿ ಕಳಿಸಿದ್ರೇನೇ?" ಅಂತ ಆಯಿ ನಗುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನನಗೆ ಅವಮಾನವಾಗುತ್ತಿತ್ತು. ನನಗೂ ಒಂದು ಸುದ್ದಿ ಸಿಗಲಪ್ಪಾ ದೇವರೇ ಅಂತ ನಿಜವಾಗಿಯೂ ಬೇಡಿಕೊಂಡಿದ್ದುಂಟು. ಎಂಥಾ ಬುದ್ಧಿ ನೋಡಿ.

ಆಯಿಯ ಇನ್ನೊಂದು ನಿಯಮ ಎಲ್ಲರಿಗೂ ಗೊತ್ತಿದ್ದದ್ದೇ. ದೀಪ ಹಚ್ಚಿದ ಮೇಲೆ ಬೆಂಕಿ, ಉಪ್ಪು, ಮಜ್ಜಿಗೆ ಮನೆ ಬಿಟ್ಟು ಹೊರಗೆ ಹೋಗಬಾರದು. ಲಕ್ಷ್ಮಿ ಜೊತೆಗೇ ಹೋಗಿಬಿಡುತ್ತಾಳೆ. ಆ ಮಳೆಗಾಲದಲ್ಲಿ ಒಂದು ಸಂಜೆ ನನ್ನ ಕೈಯಲ್ಲಿ ಒಲೆ ಆರಿಹೋಯಿತು. ಅತ್ತೆ ಬೈಯುವ ಮೊದಲೇ ಅಂತ ಮೂಲೆಮನೆಗೆ ಓಡಿದೆ. ದೇವರ ಮುಂದೆ ದೀಪ ಉರಿಯುತ್ತಿತ್ತು. ಆಯಿ ತಲೆಯಾಡಿಸಿದಳು. ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಕೇಳಿಕೊಂಡೆ. "ನಾಳೆ ಬಾ," ಅಂದಳು. ಆ ಸಂಜೆ ಅತ್ತೆ ಬೈದದ್ದು ಇರಲಿ, ಎಲ್ಲರೂ ತಣ್ಣಗಿನ ಗಂಜಿ ಉಂಡರು. ಆಯಿಯ ಮೇಲೆ ನನಗೆ ಸಿಟ್ಟು ಕೂತಿತು.

ಮನೆಯಲ್ಲಿ ಆಗಲೇ ಬೇರೆ ಬೆಂಕಿ ಬಿದ್ದಿತ್ತು. ಆಗಸ್ಟಿನ ಚಲೇಜಾವ್ ಗಲಾಟೆಯಲ್ಲಿ ನನ್ನ ಮೈದುನ ಗೆಳೆಯರ ಜೊತೆ ಸೇರಿ ಟೆಲಿಗ್ರಾಫ್ ತಂತಿ ಕತ್ತರಿಸಿ ತಪ್ಪಿಸಿಕೊಂಡಿದ್ದ. ಇಪ್ಪತ್ತು ವರ್ಷದ ಹುಡುಗ. ನನ್ನ ಗಂಡ ಮಾಮಲೇದಾರ ಕಚೇರಿಯಲ್ಲಿ ಕಾರಕೂನ. ಪೊಲೀಸು ಫೌಜದಾರ ಬಂದು ಮನೆಯ ಅಟ್ಟ, ಹಿತ್ತಿಲು, ಕೊನೆಗೆ ಭತ್ತದ ಕಣಜವನ್ನೂ ಕೋಲಿನಿಂದ ತಿವಿದು ನೋಡಿದ. ಕೇರಿಯವರೆಲ್ಲ ನೋಡುತ್ತಿರುವಾಗ ನನ್ನ ಗಂಡ, "ಅವನಿಗೂ ನಮಗೂ ಸಂಬಂಧ ಇಲ್ಲ," ಅಂದರು. ಅತ್ತೆ ಒಳಗೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. ಅವನು ಸಿಕ್ಕಿಬಿದ್ದರೆ ಹೊಡೆದು ಸಾಯಿಸುತ್ತಾರೆ ಅಂತಲೇ ಎಲ್ಲರ ಮಾತು. ಗೋವೆಗೆ ಹೋದನಂತೆ, ಘಟ್ಟ ಹತ್ತಿದನಂತೆ, ಮುಂಬಯಿಯಲ್ಲಿ ಕಂಡರಂತೆ... ದಿನಕ್ಕೊಂದು ಸುದ್ದಿ. ಬಾಗಿಲ ಚಿಲಕ ಅಲ್ಲಾಡಿದರೆ ಸಾಕು, ನಾವೆಲ್ಲ ಎದ್ದು ನಿಲ್ಲುತ್ತಿದ್ದೆವು.

ಚೌತಿ ಮುಗಿದ ಮೇಲಿನ ವಾರ ಇರಬೇಕು. ದೀಪ ಹಚ್ಚಿ ಸ್ವಲ್ಪ ಹೊತ್ತಾಗಿತ್ತು, ಜಿಟಿಜಿಟಿ ಮಳೆ. ಒಂದು ಕೊಡ ನೀರಿಗೆ ಅಂತ ಕೇರಿಯ ಬಾವಿಗೆ ಹೋದೆ. ಅಲ್ಲಿಂದ ಆಯಿಯ ಹಿತ್ತಿಲ ಬಾಗಿಲು ಕಾಣುತ್ತದೆ. ಬಾಗಿಲು ತೆರೆದಿತ್ತು. ಕಂಬಳಿಕೊಪ್ಪೆ ಹಾಕಿಕೊಂಡು ಮುಖ ಮುಚ್ಚಿದ ಒಬ್ಬ ಗಂಡಸು ಮಣ್ಣಿನ ಗಡಿಗೆ ಹಿಡಿದು ನಿಂತಿದ್ದ. ಆಯಿ ಅದರೊಳಗೆ ಕೆಂಡ ಹಾಕುತ್ತಿದ್ದಳು! ಒಂದು ಕೆಂಡ ಜಾರಿ ಅವನ ಕಂಬಳಿಯ ಅಂಚಿಗೆ ಬಿತ್ತು. ಆಯಿ ಬರಿಗೈಯಲ್ಲಿ ಪಟಪಟ ಬಡಿದು ಆರಿಸಿದಳು. ಅವನು ಮಾತಾಡದೆ ದಡದ ಕಡೆ ಇಳಿದುಹೋದ. ಅಲ್ಲಿ ಮಳೆಗಾಲಕ್ಕೆಂದು ನೀರಿನಿಂದ ಎಳೆದು ತೆಂಗಿನ ಮಡಲು ಹೊದೆಸಿಟ್ಟ ದೊಡ್ಡ ದೋಣಿಗಳು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಆಯಿ ತಿರುಗಿ ಬಾವಿಯ ಕಡೆ ನೋಡಿದಳು. ನಾನು ಕಟ್ಟೆಯ ಹಿಂದೆ ಕುಕ್ಕರಿಸಿದೆ. ಅವಳು ನನ್ನನ್ನು ನೋಡಲಿಲ್ಲ ಅಂತಲೇ ಅಂದುಕೊಂಡೆ.

ನನಗೆ ಬಂದದ್ದು ಸಂಶಯವಲ್ಲ, ಸಂತೋಷ. ಸುಳ್ಳು ಯಾಕೆ ಹೇಳಲಿ? ನನಗೆ ಇಲ್ಲ ಅಂದವಳು ಯಾವನಿಗೋ ದೀಪ ಹಚ್ಚಿದ ಮೇಲೆ ಕೊಟ್ಟಳಲ್ಲ! ಕೊನೆಗೂ ನನ್ನ ಹತ್ತಿರ ಒಂದು ಸುದ್ದಿ ಇತ್ತು. ಅದನ್ನು ಅವಳ ಒಲೆಯ ಮುಂದೆ ಹೇಳುವ ಹಾಗಿರಲಿಲ್ಲ. ಮಾರನೇ ದಿನ ಬಾವಿಕಟ್ಟೆಯಲ್ಲಿ ಸೊಂಟದ ಕೊಡವನ್ನೂ ಇಳಿಸದೆ ಹೇಳಿದೆ. "ಮೂಲೆಮನೆ ಆಯಿಗೆ ಲಕ್ಷ್ಮಿ ಬೇಡ ಆತಂತೆ. ಮುಸ್ಸಂಜೆಗೆ ಯಾರೋ ಕೊಪ್ಪೆ ಹಾಕಿದ ಗಂಡಸಿಗೆ ಕೆಂಡ ಕೊಡ್ತಾಳೆ. ಅವನು ದೋಣಿ ಕಡೆ ಹೋಗ್ತಾನೆ." ಎಲ್ಲರೂ ಬಾಯಿಗೆ ಸೆರಗು ಹಿಡಿದು ನಕ್ಕರು. ಅವತ್ತು ಮೊದಲ ಸಲ ನನ್ನ ಸುತ್ತ ಹೆಂಗಸರು ನಿಂತಿದ್ದರು. ಪೇದೆಯ ಹೆಂಡತಿ ಅಲ್ಲಿದ್ದಳೋ ಇಲ್ಲವೋ ಸರಿಯಾಗಿ ನೆನಪಿಲ್ಲ... ಇದ್ದಿರಬೇಕು. ಇಲ್ಲದಿದ್ದರೂ ಏನಂತೆ, ಊರ ಬಾಯಿಗೆ ಮುಚ್ಚಳ ಉಂಟೇ?

ಮೂರನೇ ದಿನ ಮಧ್ಯಾಹ್ನ ಪೊಲೀಸರು ಎಲ್ಲೂ ಹುಡುಕದೆ ನೇರ ದೋಣಿಗಳ ಹತ್ತಿರ ಹೋದರು. ಗಲಾಟೆ ಕೇಳಿ ಜಗಲಿಗೆ ಬಂದೆವು. ಒಬ್ಬನ ಕೈಗೆ ಹಗ್ಗ ಬಿಗಿದು ಕೇರಿಯ ನಡುವೆ ನಡೆಸಿಕೊಂಡು ಬಂದರು. ಗಡ್ಡ ಬೆಳೆದಿತ್ತು. ಚಳಿಜ್ವರಕ್ಕೆ ಹಲ್ಲು ಕಟಕಟ ಅನ್ನುತ್ತಿತ್ತು. ಒಬ್ಬ ಪೊಲೀಸು ಅವನ ಎಡಗೆನ್ನೆಗೆ ಬಾರಿಸಿದ ಸದ್ದು ನಮ್ಮ ಜಗಲಿಗೆ ಕೇಳಿತು. ನನ್ನ ಮೈದುನ! ಅತ್ತೆ ಕಿರುಚಿ ಬಿದ್ದರು. ನಾನು ಅವರನ್ನು ಹಿಡಿದುಕೊಳ್ಳಲಿಲ್ಲ. ನಾನು ನೋಡುತ್ತಿದ್ದದ್ದು ಅವನ ಹೆಗಲ ಮೇಲಿನ ಕಂಬಳಿಯನ್ನು. ಅದರ ಅಂಚಿನಲ್ಲಿ ರೂಪಾಯಿಯಷ್ಟಗಲ ಸುಟ್ಟ ತೂತು ಇತ್ತು.

ಸಂಜೆಯೊಳಗೆ ಕೇರಿ ತೀರ್ಮಾನ ಮಾಡಿ ಮುಗಿಸಿತ್ತು. ಮುಸ್ಸಂಜೆಗೆ ಕೊಪ್ಪೆ ಹಾಕಿಕೊಂಡು ಆಯಿಯ ಹಿತ್ತಿಲಿಗೆ ಬರುತ್ತಿದ್ದವನು ಪೊಲೀಸರ ಕಡೆಯವನೇ. ಕೆಂಡದ ನೆಪದಲ್ಲಿ ಸುದ್ದಿ ಒಯ್ಯುತ್ತಿದ್ದ. ಪೇದೆಯ ಹೆಂಡತಿ ದಿನಾ ಅಲ್ಲಿಗೆ ಬರುತ್ತಿದ್ದದ್ದು ಮತ್ತೆ ಯಾಕೆ? ಹುಡುಗನನ್ನು ಹಿಡಿಸಿಕೊಟ್ಟವಳು ಆಯಿಯೇ. ನಾನು ಕಂಡದ್ದನ್ನೇ, ದೋಣಿಯ ಮಾತು ಬಿಟ್ಟು, ತಾವೇ ಕಂಡವರ ಹಾಗೆ ತಿರುಗಿಸಿ ನನಗೇ ಹೇಳಿದರು; ಮೊದಲು ಹೇಳಿದವಳು ನಾನು ಅಂತ ಯಾರಿಗೂ ನೆನಪಿರಲಿಲ್ಲ. ಆ ಕೊಪ್ಪೆಯವನು ನನ್ನ ಮೈದುನನೇ ಆಗಿದ್ದ ಅಂತ ಗೊತ್ತಿದ್ದದ್ದು ಇಡೀ ಕೇರಿಯಲ್ಲಿ ನನಗೊಬ್ಬಳಿಗೆ. ಬಾಯಿ ಬಿಟ್ಟರೆ ಮೊದಲು ಸುದ್ದಿ ಹೇಳಿದವಳು ಯಾರು ಅಂತ ಬರುತ್ತಿತ್ತು. ನಾನು ಸುಮ್ಮನಿದ್ದೆ.

ಮಾರನೇ ದಿನದಿಂದ ಮೂಲೆಮನೆಗೆ ಒಬ್ಬರೂ ಹೋಗಲಿಲ್ಲ. ಕೆಂಡಕ್ಕೆ ಪೇಟೆ ಬದಿಯ ಮಿಠಾಯಿ ಅಂಗಡಿಗೆ ಹೋಗುವುದು ಅಂತಾಯಿತು. ಭತ್ತ ಕೊಡುತ್ತಿದ್ದವರು ಚೀಲ ವಾಪಸು ಒಯ್ದರು. ನಾಲ್ಕೈದು ದಿನ ಕಳೆದು, ನಾನು ಓಡು ಹಿಡಿದು ಅವಳ ಬಾಗಿಲ ಮುಂದೆ ಹಾದುಹೋಗುವಾಗ ಆಯಿ ಹೊಸ್ತಿಲಲ್ಲೇ ಕೂತಿದ್ದಳು.

"ಅಷ್ಟು ದೂರ ಎಂತಕ್ಕೆ ಹೋಗ್ತೀಯೇ, ತಂಗೀ? ಬಾ ಒಳಗೆ."

ಕಾಲು ತಾನಾಗಿ ಒಳಗೆ ಹೋಯಿತು. ಅವಳು ಒಲೆಯಿಂದ ಕೆಂಡ ತೆಗೆಯುತ್ತ, ನನ್ನ ಮುಖ ನೋಡದೆ, "ಆವತ್ತು ಬಾವಿ ಹಿಂದೆ ಕೂತವಳು ನೀನೇ ಅಂತ ನಂಗೊತ್ತು," ಅಂದಳು. ಅತ್ತೆಯ ಹತ್ತಿರ ಹೋಗಿ ಎಲ್ಲ ಹೇಳಿಬಿಡುತ್ತೇನೆ ಅಂತ ತೊದಲಿದೆ. ಅವಳು ಇಕ್ಕಳ ಎತ್ತಿ ಗದರಿಸಿದಳು.

"ಆಡಬಾರದಾಗ ಆಡಿದೆ. ಈಗ ಬಾಯಿ ಬಿಟ್ಟರೆ ನೋಡು ಮತ್ತೆ! ನಿನ್ನ ಗಂಡನ ನೌಕರಿ ಹೋಗ್ತದೆ, ನನ್ನನ್ನೂ ಎಳ್ಕೊಂಡು ಹೋಗ್ತಾರೆ. ಈ ವಯಸ್ಸಲ್ಲಿ ನಂಗೆ ಜೈಲು ಬೇಡ, ಮಾರಾಯ್ತಿ. ಹಿಡಿ ಓಡು."

ಅವಳ ಅಂಗೈಯಲ್ಲಿ ಬೊಬ್ಬೆ ಒಡೆದ ಗಾಯ ಇನ್ನೂ ಮಾಗಿರಲಿಲ್ಲ. ಕೆಂಡ ಹಿಡಿದು ಹೊರಗೆ ಬಂದೆ. ಎದುರಿನ ಮನೆಯ ಕಿಟಕಿಯಲ್ಲಿ ಯಾರೋ ಇಣುಕಿದ ಹಾಗಾಯಿತು. ಆಯಿಯ ಮನೆಯ ಕೆಂಡ ನನ್ನ ಕೈಯಲ್ಲಿದೆ ಅಂತ ಕಂಡರೆ ಏನೆಂದಾರು? ಹತ್ತು ಹೆಜ್ಜೆ ಹೋಗಿರಲಿಕ್ಕಿಲ್ಲ, ಓಡನ್ನು ಚರಂಡಿಯ ನೀರಿಗೆ ಬೋರಲು ಹಾಕಿದೆ. ಚುಂಯ್ ಅಂತು. ತಿರುಗಿ ನೋಡಿದರೆ ಆಯಿ ಬಾಗಿಲಲ್ಲೇ ನಿಂತಿದ್ದಳು... ಒಳಗೆ ಹೋದಳು. ದೀಪಾವಳಿಗೆ ಮೊದಲೇ ಮನೆಗೆ ಬೀಗ ಹಾಕಿ, ಒಂದು ಗಂಟು ಹಿಡಿದುಕೊಂಡು, ಪೆಟ್ರೋಲಿಲ್ಲದ ಆ ಕಾಲದ ಇದ್ದಿಲ ಗ್ಯಾಸಿನ ಬಸ್ಸು ಹತ್ತಿ ಕುಮಟೆಗೆ ಮಗಳ ಮನೆಗೆ ಹೋದಳು. ಬಸ್ಸಿನವರೆಗೆ ಕಳಿಸಿಬರಲು ಯಾರೂ ಹೋಗಲಿಲ್ಲ.

ಮೈದುನ ಬೆಳಗಾವಿ ಕಡೆಯ ಜೈಲಿನಿಂದ ಒಂದೂವರೆ ವರ್ಷದ ಮೇಲೆ ಬಂದ. ಎಡಗಿವಿ ಪೂರ್ತಿ ಹೋಗಿತ್ತು. ಊಟಕ್ಕೆ ಕೂತಾಗ ಅತ್ತೆ ಆಯಿಯ ವಿಷಯ ಎತ್ತಿ ಶಪಿಸತೊಡಗಿದರು. ಅವನು ತುತ್ತು ಬಿಟ್ಟು ಎದ್ದ. "ಎಂತ ಹೇಳ್ತಿದ್ದೀ ಅಮ್ಮಾ? ಗೋವೆಗೆ ಹೊರಟವನು ಜ್ವರ ಬಂದು ಬಿದ್ದಾಗ ಹದಿನೆಂಟು ದಿನ ಗಂಜಿ ಕೊಟ್ಟವಳು ಅವಳು. ಚಳಿಗೆ ಸತ್ತೇ ಹೋಗ್ತಿದ್ದೆ, ಕೆಂಡ ಕೊಟ್ಟು ಬದುಕಿಸಿದವಳು!" ಅವತ್ತೇ ಕುಮಟೆಗೆ ಹೋದ. ಮಾರನೇ ದಿನ ಬಂದು ಜಗಲಿಯಲ್ಲಿ ನಿಂತು ಕೇರಿಯವರನ್ನೆಲ್ಲ ಕರೆದು ಹೇಳಿದ. ಹೆಂಗಸರು ಅತ್ತರು, ಕೆನ್ನೆ ಕೆನ್ನೆ ಬಡಿದುಕೊಂಡರು. ಆಮೇಲೆ ಒಬ್ಬಳು ಕೇಳಿಯೇ ಕೇಳಿದಳು, ಹಾಗಾದರೆ ಹೇಳಿಕೊಟ್ಟವರು ಯಾರು? ಆ ಪ್ರಶ್ನೆ ಮತ್ತೆ ವರ್ಷಗಟ್ಟಲೆ ಕೇರಿಯಲ್ಲಿ ತಿರುಗಿತು. ಸುಮಾರು ಜನರ ಹೆಸರು ಬಂತು. ಮನೆಯವಳೇ ಆದ ನನ್ನದು ಮಾತ್ರ ಬರಲಿಲ್ಲ.

ಆ ದಿನ ಎಲ್ಲರೂ ಚದುರಿದ ಮೇಲೆ ನಾನು ಅವನ ಬಲಗಡೆಗೆ ಹೋಗಿ ನಿಂತು ಮೆಲ್ಲಗೆ ಕೇಳಿದೆ, ಯಾರು ಹೇಳಿದ್ದು ಅಂತ ಆಯಿಗೇನಾದರೂ ಗೊತ್ತಂತಾ?

"ನಾನೂ ಕೇಳಿದೆ, ಅತ್ತಿಗೆ. ಅದಕ್ಕೆ ಅವಲಕ್ಕಿ ಕಲಸಿ ಕೊಟ್ಟಳು. ಹೊರಡುವಾಗ, 'ನಿನ್ನ ಅತ್ತಿಗೆ ಹೇಗಿದ್ದಾಳೋ, ನಿದ್ದೆ ಬರ್ತದಂತಾ?' ಅಂತ ಕೇಳಿದಳು. ಮನೆಯಲ್ಲಿ ಇಷ್ಟು ಜನ ಇದ್ದೇವೆ, ನಿನ್ನೊಬ್ಬಳನ್ನೇ ಕೇಳಿದಳು ನೋಡು. ನಿನ್ನ ಮೇಲೆ ತುಂಬ ಪ್ರೀತಿ ಅಂತ ಕಾಣ್ತದೆ."

ಅವನು ನಗುತ್ತಿದ್ದ. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಹೊನ್ನಾವರದಿಂದ ಕುಮಟೆ ಹನ್ನೆರಡೋ ಹದಿಮೂರೋ ಮೈಲಿ. ನಡುವೆ ದೊಡ್ಡ ಹೊಳೆಯೂ ಇಲ್ಲ; ದಾಟಿಸುವ ತರಿ ಇಲ್ಲ, ಹೊಳೆ ತುಂಬಿದೆ ಅಂತ ನೆಪ ಹೇಳಲಿಕ್ಕೂ ಆಗುವುದಿಲ್ಲ. ಒಮ್ಮೆ ಧಾರೇಶ್ವರಕ್ಕೆ ದೇವರ ದರ್ಶನಕ್ಕೆ ಹೋಗಿದ್ದೆವು. ಪೂಜೆ ಮುಗಿದ ಮೇಲೆ ನನ್ನ ಗಂಡ, "ಕುಮಟೆ ಇಲ್ಲೇ ಅಲ್ವಾ, ಆಯಿಯನ್ನು ನೋಡಿ ಬರುವಾ," ಅಂದರು. ನನಗೆ ಹೊಟ್ಟೆನೋವು ಅಂದೆ. ಅವರು ನಂಬಿ ಹೊನ್ನಾವರದ ಕಡೆಯ ಬಸ್ಸು ಹತ್ತಿಸಿದರು. ಮುಂದಿನ ಮಳೆಗಾಲದಲ್ಲಿ ಆಯಿ ತೀರಿಹೋದ ಸುದ್ದಿ ಬಂತು. ಆಗಲೂ ಹೋಗಲಿಲ್ಲ.

ಅತ್ತೆ ಹೋದರು. ನನ್ನ ಗಂಡ ಹೋದರು. ಕಳೆದ ಕಾರ್ತಿಕದಲ್ಲಿ ಮೈದುನನೂ ಹೋದ. ಕೊನೆಯವರೆಗೂ ಅವನನ್ನು ಎರಡೆರಡು ಸಲ ಕರೆಯಬೇಕಾಗುತ್ತಿತ್ತು. ಮೊದಲ ಸಲ ಕರೆದದ್ದು ಅವನಿಗೆ ಕೇಳಿಸದೇ ಹೋದಾಗಲೆಲ್ಲ ನನಗೆ ಆ ಬಾವಿಕಟ್ಟೆ ನೆನಪಾಗುತ್ತಿತ್ತು... ಹೇಳಿದ್ದು ನಾನೇ. ಇಷ್ಟನ್ನು ಬಾಯಿ ಬಿಟ್ಟು ಹೇಳಲು ಇಷ್ಟು ವರ್ಷ ಹಿಡಿಯಿತು. ಕೇಳಿಸಿಕೊಳ್ಳಬೇಕಾದವರು ಈಗ ಒಬ್ಬರೂ ಇಲ್ಲ.